ಕಾರ್ಕಳದ ಮನೆಗೆ ತಾಜಾ ಹೂ ಕಳಿಸುವುದು: ನನ್ನ ಅನುಭವ

ನಾನಿರುವುದು ಬೆಂಗಳೂರಿನಲ್ಲಿ. ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ ಮೂವರೂ ಕಾರ್ಕಳದಲ್ಲಿ. ಅಮ್ಮನ ಮನೆ ಆನೆಕೆರೆಯ ಹತ್ತಿರ. ಹುಟ್ಟಿದ ದಿನ, ವರಮಹಾಲಕ್ಷ್ಮಿ, ಮದುವೆಯ ದಿನ, ಕೆಲವೊಮ್ಮೆ ಏನೂ ಕಾರಣ ಇಲ್ಲದೆಯೂ ಅವರಿಗೆ ಹೂ ಕಳಿಸುತ್ತೇನೆ. "ಅಷ್ಟು ದೂರ ಹೇಗೆ ಕಳಿಸ್ತೀಯಾ, ಬಾಡಲ್ವಾ?" ಅಂತ ಆಫೀಸಿನಲ್ಲಿ ಕೇಳುತ್ತಾರೆ. ನಿಜ ಹೇಳಬೇಕೆಂದರೆ ನಾನು ಬೆಂಗಳೂರಿನಿಂದ ಹೂ ಕಳಿಸುವುದೇ ಅಪರೂಪ. ಫೋನ್ ಮಾಡುತ್ತೇನೆ, ದುಡ್ಡು ಹಾಕುತ್ತೇನೆ. ಹೂ ಅಲ್ಲೇ ಹುಟ್ಟಿ ಅಲ್ಲೇ ಮನೆ ಸೇರುತ್ತದೆ.

ಮೊದಲು ಎಲ್ಲರ ಹಾಗೆ ನಾನೂ ಆನ್‌ಲೈನಿನಲ್ಲಿ ಆರ್ಡರ್ ಮಾಡಿದವಳೇ. ಪಿನ್ ಕೋಡ್ 574104 ಅಂತ ಹಾಕಿದರೆ ಕೆಲವರು ಅಲ್ಲಿಗೆ ಸೇವೆ ಇಲ್ಲ ಅಂದರು. ಇನ್ನೊಬ್ಬರು ಇದೆ ಅಂದರು, ಆದರೆ ಬಂದದ್ದು ಕೊರಿಯರ್ ಡಬ್ಬಿಯಲ್ಲಿ. ಜರ್ಬೆರಾ ಹೂಗಳ ಕತ್ತು ಬಾಗಿತ್ತು. ಸುತ್ತಲಿನ ಪ್ಲಾಸ್ಟಿಕ್ ಒಳಗೆ ಬೆವರಿ ಎಲೆ ಕೊಳೆಯಲು ಶುರುವಾಗಿತ್ತು. ಅಮ್ಮನ ತಕರಾರು ಮಾತ್ರ ಬೇರೆಯೇ. "ಇದನ್ನು ಎಂತ ಮಾಡುದು ಮಾರಾಯ್ತಿ? ದೇವರಿಗೆ ಇಡ್ಲಿಕ್ಕೂ ಆಗುದಿಲ್ಲ, ಮುಡಿಲಿಕ್ಕೂ ಆಗುದಿಲ್ಲ." ತಾಜಾ ಇದ್ದಿದ್ದರೂ ಅದೇ ಮಾತು ಹೇಳುತ್ತಿದ್ದಳು.

ನಮ್ಮ ಕಡೆ ಹೂ ಅಂದರೆ ಮೊದಲು ಮಲ್ಲಿಗೆ. ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ಶಂಕರಪುರ ಸಿಗುತ್ತದೆ. ಅಲ್ಲಿಯ ಮಲ್ಲಿಗೆಯೇ ಉಡುಪಿ ಮಲ್ಲಿಗೆ ಅಂತ ಹೆಸರು ಮಾಡಿ ಜಿಐ (ಭೌಗೋಳಿಕ ಸೂಚಿ) ಮಾನ್ಯತೆ ಪಡೆದದ್ದು. ಅದನ್ನು ತೂಕದಲ್ಲಿ ಕೊಳ್ಳುವುದಿಲ್ಲ, ಮೊಳದಲ್ಲೂ ಇಲ್ಲ. ಲೆಕ್ಕವೆಲ್ಲ ಚೆಂಡು, ಅಟ್ಟೆಯಲ್ಲಿ. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಮೊಗ್ಗು. ಬೆಳಗಿನ ಜಾವ ಮೊಗ್ಗು ಕೊಯ್ಯುತ್ತಾರೆ. ಮನೆಯ ಹೆಂಗಸರು ಕೂತು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಆಮೇಲೆ ಅದು ಕಟ್ಟೆಗೆ, ಅಂದರೆ ಹೂವಿನ ಸಗಟು ವ್ಯಾಪಾರದ ಜಾಗಕ್ಕೆ ಹೋಗುತ್ತದೆ. ಆ ದಿನದ ಅಟ್ಟೆಯ ದರ ಅಲ್ಲಿ ತೀರ್ಮಾನ ಆದ ಮೇಲೆ ಸುತ್ತಲಿನ ಊರಿಗೆಲ್ಲ ಅದೇ ಲೆಕ್ಕ. ಮುಂಬೈಗೂ ಇಲ್ಲಿಂದ ಹೂ ಹೋಗುತ್ತದೆ. ಮುಂಬೈಗೆ ಮುಟ್ಟುವ ಹೂ ಪಕ್ಕದ ಕಾರ್ಕಳಕ್ಕೆ ಮುಟ್ಟಿಸಲು ನಾನೇಕೆ ಡಬ್ಬಿ, ಕೊರಿಯರ್ ಅಂತ ಒದ್ದಾಡಬೇಕು?

ಊರಿಗೆ ಹೋಗಿದ್ದಾಗ ರಥಬೀದಿಯ ಕಡೆ ಹೂ ಮಾರುವ ಒಬ್ಬ ಅಕ್ಕನ ನಂಬರ್ ತೆಗೆದುಕೊಂಡೆ. ಎಲ್ಲಕ್ಕಿಂತ ಮುಖ್ಯ ಕೆಲಸ ಇದೇ. ದೊಡ್ಡ ಅಂಗಡಿ ಹುಡುಕಬೇಡಿ. ದೇವಸ್ಥಾನದ ಹತ್ತಿರ ದಿನಾ ಕೂರುವವರನ್ನು ನೋಡಿ. ದಿನಾ ವ್ಯಾಪಾರ ಇರುವವರ ಬುಟ್ಟಿಯಲ್ಲಿ ನಿನ್ನೆಯ ಹೂ ಉಳಿಯುವುದು ಕಡಿಮೆ. ಮೊದಲ ಸಲ ನಾವೇ ನಿಂತು ಹೂ ಕೊಳ್ಳಬೇಕು, ಮನೆ ಯಾರದು ಅಂತ ಹೇಳಬೇಕು. "ಓ, ಆನೆಕೆರೆ ಹತ್ರದ ಟೀಚರ ಮಗಳಾ?" ಅಂತ ಗುರುತು ಹತ್ತಿದರೆ ಅರ್ಧ ಕೆಲಸ ಮುಗಿಯಿತು.

ವಿಳಾಸದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಊರಲ್ಲಿ ಮನೆ ನಂಬರು ಯಾರಿಗೂ ಗೊತ್ತಿರುವುದಿಲ್ಲ. ಮನೆಗೆ ಹೆಸರಿರುತ್ತದೆ, ಇಲ್ಲವೇ ಮನೆಯ ಹಿರಿಯರ ಹೆಸರಿನಲ್ಲಿ ಮನೆ ಇರುತ್ತದೆ. ಹೊರಗಿನ ಡೆಲಿವರಿ ಹುಡುಗರು ಮ್ಯಾಪ್ ನಂಬಿ ಕೆರೆಯ ಆಚೆ ದಂಡೆಗೆ ಹೋಗಿ ನಿಂತು ಫೋನ್ ಮಾಡುತ್ತಾರೆ. ಕೆರೆ ನಡುವೆ ಬಸದಿ ಕಾಣುತ್ತದೆ, ಮನೆ ಕಾಣುವುದಿಲ್ಲ! ಹೂವಿನ ಅಕ್ಕ ಗೊತ್ತಿರುವ ರಿಕ್ಷಾದವರ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ರಿಕ್ಷಾ ಬಾಡಿಗೆಯನ್ನೂ ನಾನೇ ಅವರಿಗೆ ಹಾಕುತ್ತೇನೆ. ಅದನ್ನು ಮನೆಯವರ ಕೈಯಿಂದ ಕೊಡಿಸಬಾರದು. ಉಡುಗೊರೆ ಕಳಿಸಿ ಅದರ ಬಾಡಿಗೆ ಅವರೇ ಕೊಡುವ ಹಾಗಾದರೆ ಚೆಂದ ಅಲ್ಲ.

ಈಗ ಸಮಯದ ವಿಷಯ. ಮಲ್ಲಿಗೆಯ ಆಟವೆಲ್ಲ ಸಮಯದಲ್ಲೇ ಇರುವುದು. ಬೆಳಿಗ್ಗೆ ಕೊಯ್ದದ್ದು ಮೊಗ್ಗು. ಅದು ಅರಳಿ ಪರಿಮಳ ಬಿಡುವುದು ಸಂಜೆಗೆ. ಬೆಳಗಿನ ಪೂಜೆಗೆ ಬೇಕೆಂದರೆ ಹಿಂದಿನ ದಿನ ಮಧ್ಯಾಹ್ನವೇ ತರಿಸಿ ಇಡಿಸಬೇಕು. ಆವತ್ತಿನ ಹೂ ಕಟ್ಟೆಯಿಂದ ಕಾರ್ಕಳಕ್ಕೆ ಬರುವಷ್ಟರಲ್ಲಿ ಪೂಜೆಯ ಹೊತ್ತು ದಾಟಿರುತ್ತದೆ. ಸಂಜೆಯ ಮದುವೆ ಆರತಕ್ಷತೆಗೆ, ಭೂತಕೋಲಕ್ಕೆ ಆದರೆ ಆವತ್ತಿನದೇ ಸಾಕು. ಹೂ ತರಿಸುವ ದಿನದ ಹಿಂದಿನ ರಾತ್ರಿಯೇ ನಾನು ಫೋನ್ ಮಾಡಿ ಹೇಳಿಡುತ್ತೇನೆ. ದರ ಎಷ್ಟು ಅಂತ ಆಗ ಕೇಳಿ ಪ್ರಯೋಜನ ಇಲ್ಲ. ನಾಳೆಯ ದರ ಅವರಿಗೂ ಗೊತ್ತಿರುವುದಿಲ್ಲ. ಬದಲಿಗೆ ಮಿತಿ ಹೇಳುತ್ತೇನೆ: "ಅಕ್ಕ, ಚೆಂಡಿಗೆ ಮುನ್ನೂರರೊಳಗೆ ಇದ್ರೆ ಎರಡು ಕಳಿಸಿ, ಜಾಸ್ತಿ ಆದ್ರೆ ಒಂದೇ ಸಾಕು."

ಈ ಮಿತಿ ಬೇಕೇ ಬೇಕು. ಅಟ್ಟೆಯ ದರ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಮದುವೆ, ಹಬ್ಬ ಒಟ್ಟಿಗೆ ಬಂದರೆ 2,100 ರೂಪಾಯಿ ಮುಟ್ಟಿದ್ದೂ ಉಂಟು. ಆಗ ಒಂದು ಚೆಂಡಿಗೇ ಐನೂರರ ಮೇಲೆ ಬಿತ್ತು. ಬೇಸಿಗೆಯಲ್ಲಿ ಹೂ ಧಾರಾಳ, ಮಳೆ ಹಿಡಿದರೆ ಇಳುವರಿ ಕಡಿಮೆ. ವರಮಹಾಲಕ್ಷ್ಮಿ ಬರುವುದು ಸರಿಯಾಗಿ ಆ ಮಳೆಗಾಲದಲ್ಲೇ. ಲಕ್ಷ್ಮಿಗೂ ಇದರ ಲೆಕ್ಕ ಗೊತ್ತಿರಬೇಕು! ಆಗ ನಾನು ಜಾಜಿ ಇದೆಯಾ ಅಂತ ಕೇಳುತ್ತೇನೆ. ಸಣ್ಣ ಹೂ, ಬೇಗ ಸೊರಗುತ್ತದೆ, ಆದರೆ ಪರಿಮಳದಲ್ಲಿ ಮಲ್ಲಿಗೆಗೆ ಏನೂ ಕಡಿಮೆ ಇಲ್ಲ. ಬಣ್ಣಕ್ಕೆ ನಡುವೆ ಸ್ವಲ್ಪ ಅಬ್ಬಲಿಗೆ. ಬೆಂಗಳೂರಿನವರು ಕನಕಾಂಬರ ಅನ್ನುವುದು ಅದನ್ನೇ. ದೊಡ್ಡಮ್ಮನಿಗೆ ಮಲ್ಲಿಗೆಗಿಂತ ಅದೇ ಇಷ್ಟ.

ಹೂ ಬಾಳೆಲೆಯಲ್ಲಿ ಕಟ್ಟಿಯೇ ಹೋಗಬೇಕು, ಪ್ಲಾಸ್ಟಿಕ್ ಚೀಲ ಬೇಡ ಅಂತ ಪ್ರತಿ ಸಲ ಹೇಳುತ್ತೇನೆ. ಅಕ್ಕ ನಗುತ್ತಾರೆ, ಯಾಕೆಂದರೆ ಅವರು ಹೇಗೂ ಬಾಳೆಲೆಯಲ್ಲೇ ಕಟ್ಟುವುದು. ಮನೆಯಲ್ಲಿ ಅಮ್ಮ ಅದನ್ನು ಬಿಚ್ಚುವುದಿಲ್ಲ. ಎಲೆಯ ಮೇಲೆ ಒದ್ದೆ ಬಟ್ಟೆ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಇಡುತ್ತಾಳೆ. ನೀರು ನೇರವಾಗಿ ಹೂವಿನ ಮೇಲೆ ಚಿಮುಕಿಸಿದರೆ ಎಸಳು ಕಂದುತ್ತದೆ. ಬಟ್ಟೆಯ ತೇವ ಸಾಕು. ಮಾರನೇ ದಿನಕ್ಕೂ ಮುಡಿಯುವ ಹಾಗೆ ಇರುತ್ತದೆ.

ಚಿಕ್ಕಮ್ಮನ ವಿಷಯದಲ್ಲಿ ಸ್ವಲ್ಪ ಯೋಚನೆ ಮಾಡಬೇಕಾಯಿತು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವರು ಹೂ ಮುಡಿಯುವುದನ್ನು ಬಿಟ್ಟರು. ಯಾರೂ ಬೇಡ ಅನ್ನಲಿಲ್ಲ, ಯಾರೂ ಮುಡಿ ಅಂತಲೂ ಹೇಳಲಿಲ್ಲ. ನಮ್ಮಲ್ಲಿ ಇದು ಹೀಗೇ ನಡೆದುಬಿಡುತ್ತದೆ. ಅಕ್ಕತಂಗಿಯರಿಬ್ಬರಿಗೂ ಮಲ್ಲಿಗೆ ಕಳಿಸಿ ಅವರೊಬ್ಬರನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಕಳಿಸಿದರೆ ನೋವಾಗುತ್ತದೋ ಅನ್ನುವ ಹೆದರಿಕೆಯೂ ಇತ್ತು. ಕೊನೆಗೆ ಅವರನ್ನೇ ಕೇಳಿದೆ. "ದೇವರಿಗೆ ಅಂತ ಕಳ್ಸು. ಸಂಪಿಗೆ ಸಿಕ್ಕಿದ್ರೆ ಸಂಪಿಗೆ" ಅಂದರು. ಅಂದಿನಿಂದ ಅವರಿಗೆ ಸಂಪಿಗೆ, ಸಿಗುವ ಕಾಲದಲ್ಲಿ ರೆಂಜೆಯ, ಅಂದರೆ ಬಕುಳದ ಹೂವಿನ ಮಾಲೆ. ರೆಂಜೆ ಒಣಗಿದರೂ ಪರಿಮಳ ಹೋಗುವುದಿಲ್ಲ. ದೇವರ ಫೋಟೋಕ್ಕೆ ಹಾಕಿದ್ದನ್ನು ತೆಗೆದು ಸೀರೆಯ ಮಡಿಕೆಯ ನಡುವೆ ಇಡುತ್ತಾರೆ. ಇದು ಹೂವಿನ ಅಕ್ಕನ ಹತ್ತಿರ ಯಾವಾಗಲೂ ಸಿಗುವುದಿಲ್ಲ. ಎರಡು ಮೂರು ದಿನ ಮೊದಲೇ ಹೇಳಿಟ್ಟರೆ ಯಾರದೋ ತೋಟದಿಂದ ತರಿಸಿ ಕೊಡುತ್ತಾರೆ.

ಬೆಂಗಳೂರಿನಿಂದಲೇ ಕಳಿಸಬೇಕಾಗಿ ಬರುವುದು ಗುಲಾಬಿ ಬೇಕಾದಾಗ. ಅಪ್ಪ ಅಮ್ಮನ ಮದುವೆಯ ದಿನಕ್ಕೆ ಅಪ್ಪನದು ಒಂದೇ ಹಟ, ಉದ್ದ ಕಡ್ಡಿಯ ಕೆಂಪು ಗುಲಾಬಿ. ಅಮ್ಮ ಏನೇ ಅನ್ನಲಿ. ಅದಕ್ಕೆ ಬೆಳಿಗ್ಗೆ ಕೆ.ಆರ್. ಮಾರುಕಟ್ಟೆಗೆ ಹೋಗಿ ಇನ್ನೂ ಬಿಗಿಯಾಗಿರುವ ಮೊಗ್ಗನ್ನೇ ಆರಿಸುತ್ತೇನೆ. ಅರ್ಧ ಅರಳಿದ್ದು ನೋಡಲು ಚೆಂದ, ಘಟ್ಟ ಇಳಿಯುವಷ್ಟರಲ್ಲಿ ಎಸಳು ಉದುರುತ್ತದೆ. ಮನೆಗೆ ತಂದು ಕೆಳಗಿನ ಎಲೆ ತೆಗೆದು, ಕಡ್ಡಿಯನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಿ, ಸಂಜೆಯವರೆಗೆ ಬಕೆಟ್ಟಿನಲ್ಲಿ ನಿಲ್ಲಿಸುತ್ತೇನೆ. ಪ್ರಯಾಣಕ್ಕೆ ಬೇಕಾದ ನೀರನ್ನು ಅದು ಆ ಹೊತ್ತಿನಲ್ಲೇ ಕುಡಿಯುತ್ತದೆ. ಹೊರಡುವ ಮೊದಲು ಕಡ್ಡಿಯ ತುದಿಗೆ ಒದ್ದೆ ಹತ್ತಿ, ಅದಕ್ಕೆ ಮಾತ್ರ ಪ್ಲಾಸ್ಟಿಕ್. ಹೂವಿನ ತಲೆಗೆ ನ್ಯೂಸ್ ಪೇಪರ್ ಸುರುಳಿ, ಮೇಲೆ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಗೆ ಗಾಳಿಯಾಡಲು ತೂತು. ಎಸಳಿನ ಮೇಲೆ ನೀರಿನ ಹನಿ ಇರಬಾರದು, ಒಂದೇ ರಾತ್ರಿಗೆ ಕಂದು ಕಲೆ ಬೀಳುತ್ತದೆ.

ಪೆಟ್ಟಿಗೆ ರಾತ್ರಿ ಬಸ್ಸಿಗೆ ಹೋಗುತ್ತದೆ, ಬೆಳಿಗ್ಗೆ ಕಾರ್ಕಳದ ಬಸ್ ನಿಲ್ದಾಣದಲ್ಲಿ ಅಪ್ಪ ಇಳಿಸಿಕೊಳ್ಳುತ್ತಾರೆ. ಬೆಲೆ ಬಾಳುವುದಾದರೆ ರಸೀದಿ ಇರುವ ಪಾರ್ಸೆಲ್ ಸೇವೆಯಲ್ಲೇ ಕೊಡಿ. ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ 2021ರಿಂದ ಇದೆ. ಎಲ್ಲಿ ಕೊಟ್ಟರೂ ಎರಡು ಮಾತು ಕೇಳಿ. ಒಂದು, ಪೆಟ್ಟಿಗೆ ಎಂಜಿನ್ ಪಕ್ಕದ ಬಿಸಿ ಜಾಗದಲ್ಲಿ ಇಡುತ್ತಾರಾ? ಎರಡು, ಪಕ್ಕದಲ್ಲಿ ಹಣ್ಣಿನ ಪೆಟ್ಟಿಗೆ ಇದೆಯಾ? ಮಾವು, ಬಾಳೆ ಹಣ್ಣಾಗುವಾಗ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಅದು ತಾಗಿದರೆ ಹೂ ಬೇಗ ಮುದಿಯಾಗುತ್ತದೆ. "ಮಾವಿನ ಹಣ್ಣಿನ ಹತ್ರ ಇಡ್ಬೇಡಿ" ಅಂದರೆ ಕ್ಲೀನರ್ ನನ್ನನ್ನು ವಿಚಿತ್ರವಾಗಿ ನೋಡುತ್ತಾನೆ. ನೋಡಲಿ.

ಜೋರು ಮಳೆಗಾಲದಲ್ಲಿ ಇದನ್ನು ಮಾಡುವುದಿಲ್ಲ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ಬಸ್ಸು ಎಲ್ಲೆಲ್ಲೋ ಸುತ್ತಿ ಮಧ್ಯಾಹ್ನ ಮುಟ್ಟುತ್ತದೆ. ಅಪ್ಪನಿಗೂ ಆಗ ಮಲ್ಲಿಗೆಯೇ ಗತಿ.

ಖರ್ಚು? ಬಾಡಿಗೆ ಸೇರಿಸಿದರೂ ಪೇಟೆಯ ಹೂಗುಚ್ಛದ ಬೆಲೆಗಿಂತ ಕಡಿಮೆಯೇ ಆಗುವುದು ಹೆಚ್ಚು. ಹೂ ಮುಟ್ಟಿದ ಮೇಲೆ ಫೋಟೋ ಬರುತ್ತದೆ, ಆಗ ದುಡ್ಡು ಹಾಕುತ್ತೇನೆ. ಅಕ್ಕ ಮುಂಗಡ ಕೇಳಿದ್ದಿಲ್ಲ, ನಾನು ಚೌಕಾಸಿ ಮಾಡಿದ್ದಿಲ್ಲ. ಕಟ್ಟೆಯ ದರ ವಾಟ್ಸಾಪಿನಲ್ಲಿ ಎಲ್ಲರಿಗೂ ಸಿಗುವಾಗ ಚೌಕಾಸಿಗೆ ಜಾಗವೂ ಇಲ್ಲ. ಇತ್ತೀಚೆಗೆ ಅವರೇ ಮೆಸೇಜ್ ಹಾಕುತ್ತಾರೆ: "ಇವತ್ತು ದರ ಇಳಿದಿದೆ ಮಾರಾಯ್ತಿ, ಅಮ್ಮನಿಗೆ ಒಂದು ಚೆಂಡು ಕಳ್ಸುದಾ?" ಕಳಿಸಿ ಅನ್ನುತ್ತೇನೆ.