ಗೋಲ್ಡನ್ ರಿಟ್ರೀವರ್ ಮರಿ ಹಾಕಿಸುವ ಮುನ್ನ ಮರಿಗಳಿಗೆ ಮನೆ ಹುಡುಕಿ

ಮನೆಯಲ್ಲಿ ಗೋಲ್ಡನ್ ರಿಟ್ರೀವರ್ ಹೆಣ್ಣು ನಾಯಿ ಇದ್ದರೆ, ಅದಕ್ಕೆ ಎರಡು ವರ್ಷ ತುಂಬುವಷ್ಟರಲ್ಲಿ ಕೇಳುವವರು ಶುರುವಾಗುತ್ತಾರೆ. ‘ಒಂದು ಸಲ ಮರಿ ಹಾಕಿಸಿ, ನಮಗೂ ಒಂದು ಇರಲಿ’ ಎಂದು ಪಕ್ಕದ ಮನೆಯವರು, ಆಫೀಸಿನವರು, ಬೆಳಗಿನ ವಾಕಿಂಗ್‌ನಲ್ಲಿ ಸಿಗುವವರು ಎಲ್ಲರೂ ಹೇಳುತ್ತಾರೆ. ಮರಿಗಳು ನಿಜವಾಗಿ ಹುಟ್ಟಿ, ಕರೆದುಕೊಂಡು ಹೋಗುವ ದಿನ ಬಂದಾಗ ಒಬ್ಬರ ಮಗಳಿಗೆ ಪರೀಕ್ಷೆ, ಇನ್ನೊಬ್ಬರ ಮನೆ ಮಾಲೀಕರು ಒಪ್ಪಿಲ್ಲ, ಮತ್ತೊಬ್ಬರು ಫೋನೇ ಎತ್ತುವುದಿಲ್ಲ. ಹಾಗಾಗಿ ಮನೆಯಲ್ಲೇ ಬ್ರೀಡಿಂಗ್ ಮಾಡಬೇಕೆನ್ನುವವರಿಗೆ ನಾನು ಹೇಳುವ ಕ್ರಮ ಸ್ವಲ್ಪ ಹಿಂದುಮುಂದಾಗಿ ಕಾಣಬಹುದು: ಮೊದಲು ಮನೆಗಳ ಪಟ್ಟಿ, ಆಮೇಲೆ ಗಂಡು ನಾಯಿ.

ಗೋಲ್ಡನ್ ಒಂದು ಸೂಲಿಗೆ ಆರರಿಂದ ಹತ್ತು ಮರಿ ಹಾಕುವುದು ಸಾಮಾನ್ಯ. ಒಂದೊಂದರ ಆಯಸ್ಸು 10ರಿಂದ 12 ವರ್ಷ. ಎಂಟು ಮರಿ ಎಂದುಕೊಂಡರೂ ನೀವು ಹೊಣೆ ಹೊರುವುದು ಎಂಬತ್ತಕ್ಕೂ ಹೆಚ್ಚು ನಾಯಿ-ವರ್ಷಗಳಿಗೆ. ಬಾಯಿಮಾತಿನವರನ್ನು ಬಿಟ್ಟು, ಮುಂಗಡ ಕೊಟ್ಟು ಕಾಯಲು ಸಿದ್ಧರಿರುವ ನಾಲ್ಕೈದು ಮನೆಗಳಾದರೂ ಸಿಕ್ಕಿಲ್ಲವೆಂದರೆ ಈ ಬೆದೆಯಲ್ಲಿ ಮೇಟಿಂಗ್ ಬೇಡ. ಉಳಿದ ಮರಿಗಳನ್ನು ನೀವೇ ಆರು ತಿಂಗಳು ಸಾಕಬಲ್ಲಿರಾ ಎಂಬುದನ್ನೂ ಮನೆಯವರೊಡನೆ ಕೂತು ಮಾತಾಡಿ.

‘ಹೆಣ್ಣು ನಾಯಿ ಒಮ್ಮೆಯಾದರೂ ಮರಿ ಹಾಕಲೇಬೇಕು, ಇಲ್ಲದಿದ್ದರೆ ಆರೋಗ್ಯ ಕೆಡುತ್ತದೆ’ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಅದಕ್ಕೆ ಯಾವ ಆಧಾರವೂ ಇಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಗರ್ಭಕೋಶದಲ್ಲಿ ಕೀವು ತುಂಬುವ ಪ್ರಾಣಾಂತಿಕ ಕಾಯಿಲೆಯಿಂದ ನಾಯಿ ಪಾರಾಗುತ್ತದೆ.

ಕಾನೂನು ಏನು ಹೇಳುತ್ತದೆ

ಒಂದೇ ನಾಯಿ ಇದ್ದರೂ ಮರಿ ಮಾರುವವರು ಕಾನೂನಿನ ಕಣ್ಣಲ್ಲಿ ಬ್ರೀಡರ್‌ಗಳೇ. ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2017ರಲ್ಲಿ ಬಂದ ನಾಯಿ ಬ್ರೀಡಿಂಗ್ ಮತ್ತು ಮಾರಾಟ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬೇಕು. ತಾಯಿಗೆ ಕನಿಷ್ಠ 18 ತಿಂಗಳಾಗಿರಬೇಕು, ಸತತ ಎರಡು ಬೆದೆಗಳಲ್ಲಿ ಗಬ್ಬ ಕಟ್ಟಿಸುವಂತಿಲ್ಲ, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಚೆನ್ನೈಯಲ್ಲಿ ಕೇಂದ್ರ ಕಚೇರಿ ಇರುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದಪತ್ರ ಬೇರೆ, ಈ ನೋಂದಣಿ ಬೇರೆ. ಕ್ಲಬ್ಬಿನ ಸರ್ಟಿಫಿಕೇಟ್ ವಂಶಾವಳಿ ಹೇಳುತ್ತದೆಯೇ ಹೊರತು ಆರೋಗ್ಯದ ಬಗ್ಗೆ ಏನೂ ಹೇಳುವುದಿಲ್ಲ. ಇದನ್ನು ಮರಿ ಕೊಳ್ಳುವವರಿಗೂ ಬಿಡಿಸಿ ಹೇಳಿ.

ಎರಡು ವರ್ಷ ತುಂಬಲಿ, ಎಕ್ಸ್‌ರೇ ಆಗಲಿ

ಕಾನೂನು 18 ತಿಂಗಳು ಎಂದರೂ ನಾನು ಎರಡು ವರ್ಷಕ್ಕೆ ಮುಂಚೆ ಒಪ್ಪುವುದಿಲ್ಲ. ಗೋಲ್ಡನ್‌ಗಳಲ್ಲಿ ಸೊಂಟದ ಕೀಲು ಸಡಿಲವಾಗುವ ಹಿಪ್ ಡಿಸ್‌ಪ್ಲೇಸಿಯಾ ಬಹಳ. ಮೂಳೆ ಪೂರ್ತಿ ಬಲಿತ ಮೇಲೆ, ನಾಯಿಗೆ ಮಂಪರು ಕೊಟ್ಟು, ಸರಿಯಾದ ಭಂಗಿಯಲ್ಲಿ ತೆಗೆದ ಎಕ್ಸ್‌ರೇಯಿಂದ ಮಾತ್ರ ಅದು ಸ್ಪಷ್ಟವಾಗುತ್ತದೆ. ನಾಯಿಗಳ ಕೀಲಿನ ಎಕ್ಸ್‌ರೇ ನೋಡಿ ದರ್ಜೆ ಕೊಡುವ ಅಮೆರಿಕದ ಒಎಫ್‌ಎ ಸಂಸ್ಥೆ ಸೊಂಟದ ಅಂತಿಮ ಸರ್ಟಿಫಿಕೇಟ್ ಕೊಡುವುದೂ 24 ತಿಂಗಳಾದ ಮೇಲೆಯೇ. ಅಂಗಳದಲ್ಲಿ ಚೆಂಡಿನ ಹಿಂದೆ ಓಡುತ್ತಿದೆ ಎಂದ ಮಾತ್ರಕ್ಕೆ ಸೊಂಟ ಚೆನ್ನಾಗಿದೆ ಎನ್ನಲಾಗದು. ಮುಂಗಾಲಿನ ಮೊಣಕೈ ಕೀಲು, ಹೃದಯ, ಕಣ್ಣು ಇವನ್ನೂ ಅದೇ ಸಲ ತೋರಿಸಿಬಿಡಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ.

ಇನ್ನು ಡಿಎನ್‌ಎ ಪರೀಕ್ಷೆ. ನಿಧಾನವಾಗಿ ದೃಷ್ಟಿ ಕಳೆಯುವ ಪಿಆರ್‌ಎ, ಮೈತುಂಬ ಹೊಟ್ಟು ಏಳುವ ಇಕ್ತಿಯೋಸಿಸ್ ಮುಂತಾದವು ತಂದೆತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತವೆ. ಒಂದೇ ಪ್ರತಿ ಹೊತ್ತ ನಾಯಿ ನೋಡಲು ಪೂರ್ತಿ ಆರೋಗ್ಯವಾಗಿಯೇ ಇರುತ್ತದೆ. ಅಂಥ ಎರಡು ನಾಯಿಗಳನ್ನು ಕೂಡಿಸಿದರೆ ಹುಟ್ಟುವ ಪ್ರತಿ ಮರಿಗೂ ರೋಗ ಬರುವ ಸಾಧ್ಯತೆ ಶೇ 25. ಒಂದು ಕಡೆ ದೋಷವಿದ್ದು ಇನ್ನೊಂದು ಕಡೆ ಶುದ್ಧವಾಗಿದ್ದರೆ ಯಾವ ಮರಿಗೂ ಆ ರೋಗ ಬರುವುದಿಲ್ಲ. ಪರೀಕ್ಷೆ ಮಾಡಿಸುವುದು ನಾಯಿಯನ್ನು ತಿರಸ್ಕರಿಸಲು ಅಲ್ಲ, ಜೋಡಿ ಸರಿಯಾಗಿ ಆರಿಸಲು. ಸೊಂಟದ ಲೆಕ್ಕ ಇಷ್ಟು ಸರಳವಲ್ಲ. ಅಲ್ಲಿ ಅನೇಕ ಜೀನ್‌ಗಳ ಜೊತೆಗೆ ತೂಕ, ಆಹಾರ, ವ್ಯಾಯಾಮ ಎಲ್ಲ ಸೇರುತ್ತವೆ. ಒಳ್ಳೆಯ ಸೊಂಟದ ತಂದೆತಾಯಿಗೂ ಕೆಲವೊಮ್ಮೆ ಕೆಟ್ಟ ಸೊಂಟದ ಮರಿ ಹುಟ್ಟುತ್ತದೆ, ಆದರೆ ಅಪಾಯ ಕಡಿಮೆ.

ಗಂಡನ್ನು ಆರಿಸುವಾಗ ಬಣ್ಣಕ್ಕೆ ಮರುಳಾಗಬೇಡಿ. ‘ಇಂಗ್ಲಿಷ್ ಕ್ರೀಮ್’ ಎಂದು ಬೆಳ್ಳಗಿನ ಮರಿಗೆ ಹೆಚ್ಚು ಬೆಲೆ ಕಟ್ಟುವವರಿದ್ದಾರೆ. ಬ್ರಿಟನ್ನಿನ ತಳಿ ಮಾನದಂಡದಲ್ಲಿ ಚಿನ್ನದ ಬಣ್ಣ, ಕ್ರೀಮ್ ಎರಡಕ್ಕೂ ಒಂದೇ ಮರ್ಯಾದೆ. ನೋಡಬೇಕಾದ್ದು ಸ್ವಭಾವ. 1868ರಲ್ಲಿ ಸ್ಕಾಟ್ಲೆಂಡಿನ ಗಿಸಾಕನ್ ಎಸ್ಟೇಟಿನಲ್ಲಿ ಲಾರ್ಡ್ ಟ್ವೀಡ್‌ಮೌತ್ ನೌಸ್ ಎಂಬ ಹಳದಿ ರಿಟ್ರೀವರ್ ಗಂಡಿಗೆ ಬೆಲ್ ಎಂಬ ನೀರಿನ ಸ್ಪೇನಿಯಲ್ ಹೆಣ್ಣನ್ನು ಜೋಡಿ ಮಾಡಿ ಈ ತಳಿ ಶುರುಮಾಡಿದ್ದು, ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಹಲ್ಲು ನಾಟದಂತೆ ಕಚ್ಚಿ ತಂದು ಯಜಮಾನನ ಕೈಗೆ ಕೊಡುವ ನಾಯಿಗಾಗಿ. ಕೈಯಲ್ಲಿರುವುದನ್ನು ಬಿಟ್ಟುಕೊಡುವ ಆ ಗುಣವೇ ಈ ತಳಿಯ ಜೀವ. ತಟ್ಟೆಯ ಹತ್ತಿರ ಹೋದರೆ ಗುರ್ ಎನ್ನುವ, ಪಟಾಕಿಗೆ ದಿನವಿಡೀ ನಡುಗುವ ಗೋಲ್ಡನ್ ಎಷ್ಟೇ ಚೆಂದವಿರಲಿ, ಸಂತಾನಕ್ಕೆ ಬೇಡ.

ಬೆದೆ ಮತ್ತು ಮೇಟಿಂಗ್

ಹೆಣ್ಣು ಸುಮಾರು ಆರರಿಂದ ಎಂಟು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ‘ಹನ್ನೊಂದನೇ ದಿನ, ಹದಿಮೂರನೇ ದಿನ’ ಎಂಬ ಹಳೆಯ ಲೆಕ್ಕ ಅನೇಕರ ಬಾಯಲ್ಲಿದೆ. ಕೆಲವು ನಾಯಿಗಳು ಒಂಬತ್ತನೇ ದಿನವೇ ಅಂಡ ಬಿಡುತ್ತವೆ, ಕೆಲವು ಇಪ್ಪತ್ತರ ಹತ್ತಿರ. ರಕ್ತಸ್ರಾವ ಶುರುವಾದ ಐದಾರು ದಿನದಿಂದ ಎರಡು ದಿನಕ್ಕೊಮ್ಮೆ ರಕ್ತದಲ್ಲಿನ ಪ್ರೊಜೆಸ್ಟೆರಾನ್ ಹಾರ್ಮೋನಿನ ಪರೀಕ್ಷೆ ಮಾಡಿಸಿದರೆ ಊಹೆಯ ಕೆಲಸವಿಲ್ಲ. ಅದರ ಮಟ್ಟ ಮಿಲಿಲೀಟರ್‌ಗೆ 5 ನ್ಯಾನೊಗ್ರಾಂ ಆಸುಪಾಸಿಗೆ ಏರಿದಾಗ ಅಂಡ ಬಿಡುಗಡೆಯಾಗುತ್ತದೆ. ಅದು ಪಕ್ವವಾಗಲು ಇನ್ನೆರಡು ದಿನ ಬೇಕು. ಮೇಟಿಂಗ್‌ಗೆ ಹೊಂದುವ ಕಾಲ ಅದೇ. ಇದಕ್ಕೆ ಮುಂಚೆ ಎರಡೂ ನಾಯಿಗಳಿಗೆ ಬ್ರುಸೆಲ್ಲಾ ಪರೀಕ್ಷೆ ಆಗಿರಲೇಬೇಕು. ಗರ್ಭಪಾತ ಮಾಡಿಸುವ ಈ ರೋಗವನ್ನು ಪೂರ್ತಿ ಗುಣಪಡಿಸುವುದು ಕಷ್ಟ, ಮನುಷ್ಯರಿಗೂ ಹರಡುತ್ತದೆ.

ಕೂಡಿದ ನಾಯಿಗಳು ಹದಿನೈದು ಇಪ್ಪತ್ತು ನಿಮಿಷ ಅಂಟಿಕೊಂಡಿರುತ್ತವೆ. ಬಿಡಿಸಲು ಎಳೆಯಬಾರದು, ನೀರು ಸುರಿಯಬಾರದು. ಗಂಡಿನ ಮನೆಯವರಿಗೆ ಕೊಡುವುದು ಹಣವೋ ಮರಿಯೋ, ಗಬ್ಬ ನಿಲ್ಲದಿದ್ದರೆ ಏನು ಎಂಬುದು ಮೊದಲೇ ಬರವಣಿಗೆಯಲ್ಲಿರಲಿ.

63 ದಿನ

ಅಂಡ ಬಿಡುಗಡೆಯಾದ ದಿನದಿಂದ 63ನೇ ದಿನದ ಆಚೀಚೆ ಹೆರಿಗೆ. 28–30ನೇ ದಿನ ಸ್ಕ್ಯಾನಿಂಗ್‌ನಲ್ಲಿ ಗಬ್ಬ ಖಚಿತವಾಗುತ್ತದೆ. 55ನೇ ದಿನ ದಾಟಿದ ಮೇಲಿನ ಎಕ್ಸ್‌ರೇಯಲ್ಲಿ ಮರಿಗಳ ಬೆನ್ನುಮೂಳೆ ಎಣಿಸಬಹುದು. ಈ ಎಣಿಕೆ ಬೇಕೇ ಬೇಕು. ಹೆರಿಗೆಯ ರಾತ್ರಿ ‘ಮುಗಿಯಿತೋ, ಇನ್ನೊಂದು ಒಳಗಿದೆಯೋ’ ಎಂಬ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.

ಮೊದಲ ಐದು ವಾರ ಊಟ ಹೆಚ್ಚಿಸಬೇಡಿ. ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸಿ, ಕೊನೆಗೆ ಒಂದೂವರೆ ಪಟ್ಟು ತನಕ, ದಿನಕ್ಕೆ ಮೂರು ನಾಲ್ಕು ಸಲ ಭಾಗ ಮಾಡಿ ಕೊಡಿ. ನಮ್ಮಲ್ಲಿ ಗಬ್ಬದ ನಾಯಿ ಎಂದರೆ ಕ್ಯಾಲ್ಸಿಯಂ ಸಿರಪ್ ಬಾಟಲಿ ಮನೆಗೆ ಬರುವುದು ರೂಢಿ. ವೈದ್ಯರು ಹೇಳದೆ ಅದನ್ನು ಕೊಡಬೇಡಿ. ಹೊರಗಿನಿಂದ ಧಾರಾಳವಾಗಿ ಕ್ಯಾಲ್ಸಿಯಂ ಸಿಕ್ಕರೆ, ಮೂಳೆಯಿಂದ ಅದನ್ನು ರಕ್ತಕ್ಕೆ ಬಿಡಿಸುವ ಪ್ಯಾರಾಥೈರಾಯ್ಡ್ ಗ್ರಂಥಿ ಮಂದವಾಗುತ್ತದೆ. ಹೆರಿಗೆಯಾಗಿ ಎಂಟು ಮರಿ ಹಾಲು ಎಳೆಯತೊಡಗಿದಾಗ ದೇಹಕ್ಕೆ ಬೇಕಾದಷ್ಟು ಕ್ಯಾಲ್ಸಿಯಂ ಒದಗುವುದಿಲ್ಲ. ಆಗ ನಡುಕ, ಕಾಲು ಸೆಟೆಯುವುದು, ಏದುಸಿರು, ಜ್ವರ, ಫಿಟ್ಸ್. ಹೆರಿಗೆಯಾದ ಎರಡು ಮೂರು ವಾರಗಳಲ್ಲಿ ಈ ಲಕ್ಷಣ ಕಂಡರೆ ಮರಿಗಳನ್ನು ತಾಯಿಯಿಂದ ಬೇರೆ ಮಾಡಿ ಆ ಕ್ಷಣವೇ ಆಸ್ಪತ್ರೆಗೆ ಓಡಿ.

ಉಣ್ಣಿಯ ಕಾಟ ನಮ್ಮ ರಾಜ್ಯದಲ್ಲಿ ವರ್ಷವಿಡೀ. ಉಣ್ಣಿ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಗಬ್ಬದಲ್ಲಿ ಒಳ್ಳೆಯದಲ್ಲ. ಆದ್ದರಿಂದ ಮೇಟಿಂಗ್‌ಗೂ ಮುಂಚೆಯೇ ರಕ್ತ ಪರೀಕ್ಷೆ ಮಾಡಿಸಿ, ಮನೆ, ಅಂಗಳ, ನಾಯಿ ಮೂರನ್ನೂ ಉಣ್ಣಿಯಿಂದ ಮುಕ್ತ ಮಾಡಿ.

ಹೆರಿಗೆಯ ರಾತ್ರಿ

ಎರಡು ವಾರ ಮೊದಲೇ ನಾಲ್ಕಡಿ ಅಗಲ, ನಾಲ್ಕಡಿ ಉದ್ದದ ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಮನೆಯ ಸದ್ದಿಲ್ಲದ ಮೂಲೆಯಲ್ಲಿಟ್ಟು ತಾಯಿಗೆ ಅಲ್ಲಿ ಮಲಗುವ ಅಭ್ಯಾಸ ಮಾಡಿಸಿ. ಒಳಗಡೆ ಸುತ್ತಲೂ ನಾಲ್ಕು ಇಂಚು ಎತ್ತರದಲ್ಲಿ ಗೋಡೆಯಿಂದ ಒಳಕ್ಕೆ ಚಾಚಿದ ಒಂದು ಪಟ್ಟಿ ಇರಲಿ. ತಾಯಿ ಗೋಡೆಗೊರಗಿದಾಗ ಹಿಂದೆ ಸಿಕ್ಕಿದ ಮರಿ ಅದರ ಅಡಿಯಲ್ಲಿ ಉಳಿದುಕೊಳ್ಳುತ್ತದೆ. ಹಳೆಯ ಹತ್ತಿ ಸೀರೆ, ಟವೆಲ್, ಪತ್ರಿಕೆ, ಕುದಿಸಿದ ಕತ್ತರಿ, ದಾರ, ಅಯೋಡಿನ್, ಅಡುಗೆಮನೆಯ ಡಿಜಿಟಲ್ ತಕ್ಕಡಿ ಹತ್ತಿರವಿರಲಿ. ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವ ವೈದ್ಯರು ಯಾರು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಸಿಸೇರಿಯನ್ ಬೇಕಾದರೆ ಎಲ್ಲಿಗೆ, ಯಾವ ಗಾಡಿಯಲ್ಲಿ ಎಂಬುದೂ ಗೊತ್ತಿರಲಿ.

ಕೊನೆಯ ವಾರ ದಿನಕ್ಕೆ ಎರಡು ಮೂರು ಬಾರಿ ಜ್ವರಮಾಪಕ ಇಡಿ. ಸಾಮಾನ್ಯವಾಗಿ 101ರ ಆಸುಪಾಸಿರುವ ತಾಪ 99 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಬಹುಮಟ್ಟಿಗೆ 24 ಗಂಟೆಯೊಳಗೆ ಹೆರಿಗೆ. ಊಟ ಬಿಡುವುದು, ಏದುಸಿರು, ನೆಲ ಕೆರೆಯುವುದು ಶುರುವಾಗುತ್ತದೆ. ಆಗ ಮನೆಯಲ್ಲಿ ನೆಂಟರಿಷ್ಟರ ಗುಂಪು ಬೇಡ. ತಾಯಿನಾಯಿ ಹೆಚ್ಚು ನಂಬುವ ಒಬ್ಬರು ಪಕ್ಕದಲ್ಲಿದ್ದರೆ ಸಾಕು.

ಮರಿ ಚೀಲದೊಂದಿಗೆ ಬರುತ್ತದೆ. ತಾಯಿ ತಾನೇ ಹರಿದು ನೆಕ್ಕುತ್ತದೆ. ನೆಕ್ಕದಿದ್ದರೆ ನೀವು ಮುಖದ ಮೇಲಿನ ಚೀಲ ಬಿಡಿಸಿ, ಮೂಗು ಬಾಯಿ ಒರೆಸಿ, ಟವೆಲ್‌ನಲ್ಲಿ ಚೆನ್ನಾಗಿ ಉಜ್ಜಿ. ಮರಿಯನ್ನು ತಲೆಕೆಳಗಾಗಿ ಹಿಡಿದು ಬೀಸುವ ಹಳೆಯ ಪದ್ಧತಿ ಬೇಡ, ಮಿದುಳಿಗೆ ಪೆಟ್ಟಾಗುತ್ತದೆ. ಹೊಕ್ಕುಳಬಳ್ಳಿಯನ್ನು ಒಂದಿಂಚು ಬಿಟ್ಟು ಕಟ್ಟಿ ಕತ್ತರಿಸಿ. ಪ್ರತಿ ಮರಿಗೂ ಒಂದು ಮಾಸು ಬಿತ್ತೇ ಎಂದು ಲೆಕ್ಕವಿಡಿ.

ಅರ್ಧ ಗಂಟೆ ಜೋರಾಗಿ ಮುಕ್ಕಿದರೂ ಮರಿ ಬರದಿದ್ದರೆ, ಇನ್ನೂ ಮರಿ ಇದೆ ಎಂದು ಗೊತ್ತಿದ್ದೂ ಎರಡು ಗಂಟೆ ಕಳೆದರೆ, ಮೊದಲ ಮರಿಗೂ ಮುಂಚೆಯೇ ಹಸಿರು ಸ್ರಾವ ಕಂಡರೆ ಕಾಯಬೇಡಿ, ವೈದ್ಯರ ಬಳಿ ಹೊರಡಿ.

ಮೊದಲ ಎರಡು ವಾರ ನಿದ್ದೆಯಿಲ್ಲ

ಹುಟ್ಟಿದ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಮೊದಲ ವಾರ ಪೆಟ್ಟಿಗೆಯ ಒಂದು ಭಾಗ 30–32 ಡಿಗ್ರಿ ಸೆಲ್ಸಿಯಸ್ ಇರಬೇಕು. ಇನ್ನೊಂದು ಭಾಗ ತಂಪಾಗಿರಲಿ, ದಪ್ಪ ತುಪ್ಪಳದ ತಾಯಿಗೆ ಅದು ಬೇಕು. ಮೈಸೂರಿನ ಡಿಸೆಂಬರ್ ರಾತ್ರಿಗೆ ಬಲ್ಬು, ಕರೆಂಟ್ ಹೋದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಚಿಂತೆ ತಿರುಗಿ ತಾಯಿಯ ಮೇಲೆ ಬೀಳುತ್ತದೆ. ಆ ಕಡೆಯವರು ಬೇಸಿಗೆಯ ಹೆರಿಗೆ ಬೀಳದಂತೆ ಬೆದೆ ಆರಿಸಿಕೊಳ್ಳುವುದು ಲೇಸು.

ಒಂದೊಂದು ಮರಿಗೆ ಒಂದೊಂದು ಬಣ್ಣದ ಉಲ್ಲನ್ ದಾರ ಸಡಿಲವಾಗಿ ಕಟ್ಟಿ, ದಿನವೂ ಒಂದೇ ಹೊತ್ತಿಗೆ ತೂಕ ಬರೆಯಿರಿ. ಸುಮಾರು 350ರಿಂದ 500 ಗ್ರಾಂ ಇರುವ ಮರಿ ಎಂಟು ಹತ್ತು ದಿನದಲ್ಲಿ ಎರಡು ಪಟ್ಟಾಗಬೇಕು. ತೂಕ ಏರದ ಮರಿಯನ್ನು ಕಂಡ ತಕ್ಷಣ ಹಾಲು ಹಿಂಡಲು ಹೋಗುತ್ತೇವೆ. ಮೊದಲು ಮೈ ಮುಟ್ಟಿ ನೋಡಿ. ತಣ್ಣಗಾದ ಮರಿಯ ಹೊಟ್ಟೆ ಕೆಲಸ ಮಾಡುವುದಿಲ್ಲ. ಕುಡಿಸಿದ ಹಾಲು ಅಲ್ಲೇ ಕೆಡುತ್ತದೆ, ಇಲ್ಲವೇ ಶ್ವಾಸಕೋಶಕ್ಕಿಳಿಯುತ್ತದೆ. ಎದೆಗವಚಿಕೊಂಡು ನಿಧಾನವಾಗಿ ಬೆಚ್ಚಗೆ ಮಾಡಿ, ಆಮೇಲೆ ತಾಯಿಯ ಹಿಂಭಾಗದ ಮೊಲೆಗೆ ಹಿಡಿಸಿ. ಬರಿಯ ಹಸುವಿನ ಹಾಲು ಸಾಲದು: ನಾಯಿಯ ಹಾಲಿನಲ್ಲಿ ಪ್ರೋಟೀನ್ ಮತ್ತು ಕೊಬ್ಬು ಅದರ ಎರಡು ಪಟ್ಟಿಗೂ ಹೆಚ್ಚು. ನಾಯಿಮರಿಗೆಂದೇ ಸಿಗುವ ಹಾಲಿನ ಪುಡಿ ಒಂದು ಡಬ್ಬಿ ಮೊದಲೇ ತಂದಿಟ್ಟಿರಿ. ಬಾಣಂತಿಯ ಮೊಲೆಗಳನ್ನೂ ದಿನವೂ ಮುಟ್ಟಿ ನೋಡಿ. ಬಿಸಿ, ಗಟ್ಟಿ, ಕೆಂಪು ಎಂದರೆ ಕೆಚ್ಚಲುಬಾವು.

ಜಂತುಹುಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ದಾಟುತ್ತದೆ. ಎರಡನೇ ವಾರದಿಂದ, ವೈದ್ಯರು ತೂಕ ನೋಡಿ ಹೇಳಿದಷ್ಟು ಔಷಧ.

ಮೂರನೇ ವಾರದಿಂದ ಎಂಟರವರೆಗೆ

ಕಣ್ಣು, ಕಿವಿ ತೆರೆದ ಮೇಲೆ ಮರಿಗಳು ಲೋಕ ಕಲಿಯುತ್ತವೆ. ಕುಕ್ಕರ್ ವಿಷಲ್, ಮಿಕ್ಸಿ, ಹೊರಗಿನ ಆಟೋ ಸದ್ದು, ಛತ್ರಿ, ಗಡ್ಡದವರು, ಚಿಕ್ಕ ಮಕ್ಕಳು ಎಲ್ಲವೂ ಈ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಪರಿಚಯವಾಗಲಿ. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಕೈತೊಳೆದೇ ಮರಿ ಮುಟ್ಟಲಿ. ಮರಿಗಳಿಗೆ ಮಾರಕ ವಾಂತಿಭೇದಿ ತರುವ ಪಾರ್ವೊ ವೈರಸ್ ಚಪ್ಪಲಿಯಲ್ಲಿ ಬರುತ್ತದೆ, ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ನಾಲ್ಕನೇ ವಾರಕ್ಕೆ ನೆನೆಸಿದ ಪಪ್ಪಿ ಫುಡ್ ಗಂಜಿ, ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ.

ಮೂವತ್ತೈದು ದಿನದ ಮರಿ ಕೇಳಿಕೊಂಡು ಬರುವ ಡೀಲರ್‌ಗಳಿಗೆ ಬಾಗಿಲಲ್ಲೇ ಇಲ್ಲ ಎನ್ನಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂದು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ, ಈ ಕೊನೆಯ ಮೂರು ವಾರಗಳಲ್ಲಿ.

ಪಟ್ಟಿಯಲ್ಲಿದ್ದ ಮನೆಯವರು ಒಮ್ಮೆಯಾದರೂ ಕುಟುಂಬ ಸಮೇತ ಬಂದು ತಾಯಿಯನ್ನು ನೋಡಲಿ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಸೋಫಾ ಮೇಲೆಲ್ಲ ಕೂದಲು ಬಿದ್ದರೆ ಅಜ್ಜಿ ಏನೆನ್ನುತ್ತಾರೆ, ವಿದೇಶಕ್ಕೆ ಹೋಗುವ ಯೋಚನೆಯಿದೆಯೇ ಎಂದು ಕೇಳಿ. ಹುಟ್ಟುಹಬ್ಬಕ್ಕೆ ಸರ್ಪ್ರೈಸ್ ಕೊಡಬೇಕೆನ್ನುವವರಿಗೆ ನಾನು ಮರಿ ಕೊಡುವುದಿಲ್ಲ. ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ನಾಯಿ ನಮ್ಮ ಮನೆಗೇ ಮರಳಬೇಕು ಎಂಬ ಷರತ್ತನ್ನು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿ. ಮರಿಯ ಜೊತೆ ಲಸಿಕೆ ಪುಸ್ತಕ, ಮೈಕ್ರೋಚಿಪ್ ಸಂಖ್ಯೆ, ತಂದೆತಾಯಿಯ ಪರೀಕ್ಷಾ ವರದಿಗಳ ಪ್ರತಿ, ಒಂದು ವಾರಕ್ಕಾಗುವಷ್ಟು ಅದೇ ಆಹಾರ, ತಾಯಿಯ ವಾಸನೆಯ ಬಟ್ಟೆ ತುಂಡು ಹೋಗಲಿ.

ಮರಿ ಹೋದ ಮೇಲೆ

ಪರೀಕ್ಷೆ, ಸ್ಕ್ಯಾನಿಂಗ್, ಲಸಿಕೆ, ಆಹಾರ, ರಜೆ ಹಾಕಿದ ದಿನಗಳು ಎಲ್ಲ ಲೆಕ್ಕ ಹಾಕಿದರೆ ಸರಿಯಾಗಿ ಮಾಡಿದ ಸೂಲಿನಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಸಿಸೇರಿಯನ್ ಆದರೆ ಕೈಯಿಂದಲೇ ಹೋಗುತ್ತದೆ. ಮುಂದಿನ ಬೆದೆ ತಾಯಿಯ ವಿಶ್ರಾಂತಿಗೆ.

ತೂಕ ಬರೆದ ಪುಸ್ತಕವನ್ನು ಮುಚ್ಚಿಡಬೇಡಿ. ಈ ತಳಿಯಲ್ಲಿ ಕ್ಯಾನ್ಸರ್ ಎಷ್ಟು ಹೆಚ್ಚೆಂದರೆ, ಅದರ ಕಾರಣ ಹುಡುಕಲು ಮಾರಿಸ್ ಅನಿಮಲ್ ಫೌಂಡೇಶನ್ ಅಮೆರಿಕದಲ್ಲಿ 2012ರಲ್ಲಿ ಶುರುಮಾಡಿದ ಅಧ್ಯಯನ 3,044 ಗೋಲ್ಡನ್‌ಗಳನ್ನು ಬದುಕಿನುದ್ದಕ್ಕೂ ಗಮನಿಸುತ್ತಾ ಬಂದಿದೆ. ನೀವು ನಿಮ್ಮ ಎಂಟನ್ನು ಗಮನಿಸಿ. ವರ್ಷಕ್ಕೊಮ್ಮೆ ಎಲ್ಲ ಮನೆಗೂ ಫೋನ್ ಮಾಡಿ ತೂಕ, ಕಾಯಿಲೆ, ಎಕ್ಸ್‌ರೇ ವಿವರ ಬರೆದುಕೊಳ್ಳಿ. ಒಂದು ಮರಿಯ ಸೊಂಟ ಕೆಟ್ಟಿದೆ ಎಂದು ತಿಳಿದರೆ ಉಳಿದ ಏಳು ಮನೆಗಳಿಗೂ ಅಂದೇ ತಿಳಿಸಿ, ಅವರೂ ತೋರಿಸಿಕೊಳ್ಳಲಿ. ಎರಡನೆಯದಕ್ಕೂ ಹಾಗೇ ಆದರೆ ಆ ತಾಯಿಗೆ ಇನ್ನೊಂದು ಸೂಲು ಬೇಡ, ಸಂತಾನಹರಣ ಮಾಡಿಸಿ. ಗಂಡಿನ ಮನೆಯವರಿಗೂ ವರದಿಯ ಪ್ರತಿ ಕಳಿಸಿ.