ಮೊದಲ ಟ್ಯಾಕ್ಸ್ ರಿಟರ್ನ್: ರಸೀದಿಗಿಂತ ಬಂದ ತಿಂಗಳು ಮುಖ್ಯ

ಅಮೆರಿಕಕ್ಕೆ ಬಂದ ಮೊದಲ ವರ್ಷ ನಾನು ಶೂ ಡಬ್ಬದ ತುಂಬ ರಸೀದಿ ಕೂಡಿಟ್ಟಿದ್ದೆ. ಮನೆ ಬಾಡಿಗೆ, ಎಲ್‌ಐಸಿ ಕಂತು, ಎಲ್ಲವೂ ಇತ್ತು. ಫೆಡರಲ್ ರಿಟರ್ನ್‌ಗೆ ಒಂದೂ ಉಪಯೋಗಕ್ಕೆ ಬರಲಿಲ್ಲ. ಉಳಿತಾಯಕ್ಕೆ, ಮನೆ ಬಾಡಿಗೆಗೆ ಭಾರತದಲ್ಲಿ ಸಿಗುವ 80ಸಿ, ಎಚ್‌ಆರ್‌ಎ ವಿನಾಯಿತಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ತೆರಿಗೆ ಲೆಕ್ಕಕ್ಕೆ ಮೊದಲು ಆದಾಯದಿಂದ ಕಳೆಯುವ ಮೊತ್ತಕ್ಕೆ (ಡಿಡಕ್ಷನ್) ಇಲ್ಲಿರುವುದು ಎರಡು ದಾರಿ. ಏನೂ ಕೇಳದೆ ಒಟ್ಟಿಗೆ ಕೊಡುವ ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದು, ಖರ್ಚುಗಳನ್ನು ಒಂದೊಂದಾಗಿ ತೋರಿಸುವ ಐಟಮೈಸ್ಡ್ ಇನ್ನೊಂದು. ಎರಡರಲ್ಲಿ ಒಂದೇ ಸಿಗುತ್ತದೆ. 2025ರ ಜುಲೈನ ಹೊಸ ಕಾನೂನು ಮೊದಲನೆಯದನ್ನು ಜಾಸ್ತಿ ಮಾಡಿತು. 2025ರ ಆದಾಯಕ್ಕೆ ಒಬ್ಬರಿಗೆ 15,750 ಡಾಲರ್, ಗಂಡ ಹೆಂಡತಿ ಜಂಟಿಯಾಗಿ ಸಲ್ಲಿಸಿದರೆ 31,500.

ಮನೆ ಕೊಂಡವರ ಲೆಕ್ಕವನ್ನೇ ನೋಡಿ. ಸಾಲದ ಬಡ್ಡಿ 14,000, ಮನೆ ತೆರಿಗೆ 7,000, ರಾಜ್ಯದ ಆದಾಯ ತೆರಿಗೆ 6,000. ಕೂಡಿದರೆ 27,000, ಇನ್ನೂ 31,500 ಮುಟ್ಟಲಿಲ್ಲ ಅಲ್ವಾ? ಬಾಡಿಗೆ ಮನೆಯವರು ಸುಮ್ನೆ ಸ್ಟ್ಯಾಂಡರ್ಡ್ ತಗೊಳ್ಳುವುದೇ ವಾಸಿ.

ತಲೆ ಕೆಡಿಸಿಕೊಳ್ಳಬೇಕಾದ್ದು ಬಂದ ತಿಂಗಳಿನ ಬಗ್ಗೆ. ಎಚ್-1ಬಿ ಕೆಲಸದ ವೀಸಾದಲ್ಲಿ ಮಾರ್ಚ್‌ನಲ್ಲಿ ಬಂದಿರಿ ಅನ್ನಿ. ಆ ವರ್ಷ ನೀವು ಅರ್ಧ ಹೊರಗಿನವರು, ಅರ್ಧ ಒಳಗಿನವರು; ಇದಕ್ಕೆ ಡ್ಯುಯಲ್ ಸ್ಟೇಟಸ್ ಅನ್ನುತ್ತಾರೆ. ಹೀಗೆ ಸಲ್ಲಿಸಿದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ! ಮದುವೆಯಾದವರಿಗೆ ಒಂದು ದಾರಿಯಿದೆ. ‘ಇಡೀ ವರ್ಷ ನಮ್ಮನ್ನು ಇಲ್ಲಿನ ನಿವಾಸಿಗಳೆಂದು ಪರಿಗಣಿಸಿ’ ಎಂದು ಇಬ್ಬರೂ ಸಹಿ ಹಾಕಿದ ಪತ್ರ ಲಗತ್ತಿಸಿ, ಜಂಟಿ ರಿಟರ್ನ್ ಕೊಡಬಹುದು. ಆಗ 31,500 ಪೂರ್ತಿ ಸಿಗುತ್ತದೆ. ಆದರೆ ಜನವರಿ, ಫೆಬ್ರವರಿಯ ಭಾರತದ ಸಂಬಳವನ್ನೂ ತೋರಿಸಬೇಕು. ಭಾರತದ ಎನ್‌ಆರ್‌ಇ (ಅನಿವಾಸಿಗಳ ಬ್ಯಾಂಕ್ ಖಾತೆ) ಬಡ್ಡಿಯನ್ನೂ ಕೂಡ. ಅಲ್ಲಿ ಅದಕ್ಕೆ ತೆರಿಗೆಯಿಲ್ಲ, ಇಲ್ಲಿ ಇದೆ. ಬಹಳ ಜನ ಎಡವುವುದು ಇಲ್ಲೇ. ಸಂಬಳಕ್ಕೆ ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಕೇಳಬಹುದು, ಅಂದರೆ ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಎರಡೂ ರೀತಿ ಲೆಕ್ಕ ಹಾಕಿ ನೋಡಿ.

ಎಫ್-1 ವೀಸಾದ ವಿದ್ಯಾರ್ಥಿಗಳ ವಿಷಯ ಬೇರೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಅವರಿಗೆ ಅನಿವಾಸಿ ರಿಟರ್ನ್‌ನಲ್ಲೂ ಸ್ಟ್ಯಾಂಡರ್ಡ್ ಸಿಗುತ್ತದೆ. ಬೇರೆ ದೇಶದ ಗೆಳೆಯರ ಫಾರ್ಮ್ ನೋಡಿ ನಕಲು ಮಾಡಬೇಡಿ.

‘ಮನೆಯಲ್ಲಿ ತಲೆಗೆ ಇಷ್ಟು ಅಂತ ಕಡಿತ ಸಿಗುತ್ತೆ’ ಎಂದು ಹಳಬರು ಹೇಳಿದರೆ ನಂಬಬೇಡಿ. 2017ರ ಕಾನೂನು ಅದನ್ನು ತೆಗೆಯಿತು, 2025ರದು ವಾಪಸ್ ತರಲಿಲ್ಲ.

ಎಚ್-4 ಅವಲಂಬಿತ ವೀಸಾದಲ್ಲಿರುವ ಸಂಗಾತಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಡಬ್ಲ್ಯು-7 ಫಾರ್ಮ್ ತುಂಬಿ, ರಿಟರ್ನ್ ಜೊತೆಗೇ ಐಟಿಐಎನ್ ಎಂಬ ತೆರಿಗೆ ಸಂಖ್ಯೆಗೆ ಅರ್ಜಿ ಹಾಕಿ. ಪಾಸ್‌ಪೋರ್ಟನ್ನು ಅಂಚೆಗೆ ಹಾಕಲು ಧೈರ್ಯ ಬಾರದಿದ್ದರೆ, ಐಆರ್‌ಎಸ್ (ಇಲ್ಲಿನ ತೆರಿಗೆ ಇಲಾಖೆ) ಮಾನ್ಯತೆ ಪಡೆದ ಏಜೆಂಟರಿಗೆ ತೋರಿಸಿ ದೃಢೀಕರಿಸಿಕೊಳ್ಳಿ. ರಿಟರ್ನ್‌ಗೆ ಕೊನೆಯ ದಿನವಾದ ಏಪ್ರಿಲ್ 15ರ ಹತ್ತಿರ ಅವರು ಸಿಗುವುದು ಕಷ್ಟ, ಫೆಬ್ರವರಿಯಲ್ಲೇ ಹೋಗಿ.