ಹಳೇ ಟಾಟಾಮೊಬೈಲ್‌ಗೆ 407ರ ಇಂಜಿನ್ ಕೂರಿಸಿದ ಅನುಭವ

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನ ಗ್ಯಾರೇಜ್ ಇದೆ. ಖಾನಾಪುರ ಕಡೆಯ ಇಟ್ಟಿಗೆ ಭಟ್ಟಿಯವರೊಬ್ಬರು ತಮ್ಮ ಹಳೇ ಪಿಕಪ್ ಗಾಡಿ, ಟಾಟಾಮೊಬೈಲ್ 206 ತಂದರು. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಹೋಗಿತ್ತು. ಹಸಿ ಮಣ್ಣು ತುಂಬಿ ದಿಬ್ಬ ಹತ್ತಿಸಿದರೆ ಕ್ಲಚ್ ಸುಟ್ಟ ವಾಸನೆ. ಭಟ್ಟಿಯಲ್ಲೇ ಟಾಟಾದ್ದೇ ಒಂದು ಸಣ್ಣ ಲಾರಿ, 407, ಮೂಲೆ ಸೇರಿತ್ತು. “ಅದರ ಇಂಜಿನ್ ಇದಕ್ಕ ಹಾಕಿ ಕೊಡ್ರಿ” ಎಂದರು.

ಈ ಗಾಡಿ ಭಟ್ಟಿಯ ಜಾಗ ಬಿಟ್ಟು ಹೊರಗೆ ಹೋಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಕೆಲಸ ಹಿಡಿದೆ. ರಸ್ತೆ ಮೇಲೆ ಓಡುವ ಗಾಡಿಗೆ ಇದನ್ನು ಮಾಡಿಕೊಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯನ್ನು ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಮಾಡುವ ವಿಷಯದಲ್ಲಿ ಬಿಗಿಯಾಗಿದೆ. ಆರ್‌ಸಿಯಲ್ಲಿ ಇಂಜಿನ್ ನಂಬರೂ ಇರುತ್ತದೆ, ಸಿಸಿಯೂ ಇರುತ್ತದೆ. ನಾಳೆ ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದು ಅದನ್ನೇ.

ಹಳೇ ಇಂಜಿನ್ 483. ಅಂದರೆ ನಾಲ್ಕು ಸಿಲಿಂಡರ್, 83 ಮಿ.ಮೀ. ಬೋರ್ (ಸಿಲಿಂಡರ್ ಒಳವ್ಯಾಸ), 1948 ಸಿಸಿ. 407ರದ್ದು 497. ಬೋರ್ 97, ಒಟ್ಟು 2956 ಸಿಸಿ. ಹತ್ತಿರ ಹತ್ತಿರ ಒಂದೂವರೆ ಪಟ್ಟು. ಕಡಿಮೆ ಆರ್‌ಪಿಎಮ್‌ನಲ್ಲೇ ಎಳೆಯುತ್ತದೆ. ದಿಬ್ಬಕ್ಕೆ ಬೇಕಾದದ್ದು ಅದೇ ಅಲ್ವಾ?

407ರ ಕ್ಲಚ್, ಗೇರ್‌ಬಾಕ್ಸ್ ಎರಡನ್ನೂ ಇಂಜಿನ್ ಜೊತೆಗೇ ತಂದೆ. ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಕವಚ, ಬೆಲ್ ಹೌಸಿಂಗ್, ಹೊಂದಿಸುವ ತಾಪತ್ರಯ ಬೇಡ ಅಂತ. ಗೇರ್ ಲಿವರ್‌ಗೆ ಫ್ಲೋರ್ ಕತ್ತರಿಸಿ, ಹಿಂದಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡ ತೊಲೆ) ಸರಿಸಿದೆ.

ನಿಜವಾದ ಕೆಲಸ ಇರುವುದು ಇಂಜಿನ್ ಕೂರಿಸುವ ಕೋನದಲ್ಲಿ. ಚೈನ್ ಬ್ಲಾಕ್‌ಗೆ ತೂಗುಹಾಕಿ, ಇಳಿಸಿ, ಸಂಪ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಕೆಳಗೆ ಬೆರಳು ತೂರಿಸಿ ನೋಡುತ್ತಿದ್ದೆ. ಮುಂದೆ ಸ್ವಲ್ಪ ಎತ್ತಿದರೆ ಸಂಪ್‌ಗೆ ಜಾಗ ಸಿಗುತ್ತದೆ, ಆದರೆ ಗೇರ್‌ಬಾಕ್ಸ್ ಬಾಲ ಕೆಳಗೆ ಹೋಗುತ್ತದೆ. ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ತುದಿಯ ಕ್ರಾಸ್ (ಬಾಗಿ ತಿರುಗುವ ಕೀಲು) ಓರೆಯಲ್ಲಿ ತಿರುಗಿದಾಗ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿ ಇಳಿಯುತ್ತದೆ. ಇನ್ನೊಂದು ತುದಿಯ ಕ್ರಾಸ್ ಅದೇ ಕೋನದಲ್ಲಿದ್ದರೆ ಮಾತ್ರ ಆ ಏರಿಳಿತ ಸರಿಹೋಗುತ್ತದೆ. ಅದಕ್ಕೇ ಗೇರ್‌ಬಾಕ್ಸ್ ಬಾಲವೂ ಹಿಂದಿನ ಪಿನಿಯನ್ನೂ (ಶಾಫ್ಟ್ ತಿರುಗಿಸುವ, ಆಕ್ಸಲ್ ಒಳಗಿನ ಸಣ್ಣ ಹಲ್ಲುಗಾಲಿ) ಒಂದಕ್ಕೊಂದು ಸಮಾನಾಂತರ ಇರಬೇಕು. ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೆ ನಟ್ ತೂಗುಬಿಟ್ಟು ಎರಡೂ ಕಡೆ ಅಳೆದೆ. ಎರಡೂ ಒಂದೇ ಆದ ಮೇಲೇ ಮೌಂಟ್‌ಗಳಿಗೆ ವೆಲ್ಡಿಂಗ್.

ಶಾಫ್ಟ್ ಉದ್ದವನ್ನು ಜ್ಯಾಕ್ ಮೇಲೆ ಎತ್ತಿ ಅಳೆಯಬೇಡಿ. ಗಾಡಿ ಚಕ್ರದ ಮೇಲೆ ನಿಂತು, ಲೋಡ್ ಬಿದ್ದು, ಪಟ್ಟಾ (ಸ್ಪ್ರಿಂಗ್) ಕೂತಾಗಿನ ಅಳತೆಯೇ ಬೇರೆ. ನಾನು ಇಟ್ಟಿಗೆ ತುಂಬಿಸಿ ಅಳೆದೆ. ಪಕ್ಕದ ಲೇತ್‌ನ ಕಾಕಾ ಕತ್ತರಿಸುವ ಮೊದಲು ಶಾಫ್ಟ್ ಮೇಲೆ ಉದ್ದಕ್ಕೆ ಚಾಕ್ ಗೆರೆ ಎಳೆದರು. “ತಮ್ಮಾ, ಎರಡೂ ಯೋಕ್ ಒಂದ ಸಾಲಿನ್ಯಾಗ ಬರಬೇಕ ನೋಡು. ತಪ್ಪಿದ್ರ ಕ್ರಾಸ್ ಉಳಿಯಂಗಿಲ್ಲ” ಅಂದರು. ಯೋಕ್ ಅಂದರೆ ಕ್ರಾಸ್ ಹಿಡಿಯುವ ಕವಲು. ವೆಲ್ಡ್ ಆದ ಮೇಲೆ ಬ್ಯಾಲೆನ್ಸಿಂಗ್ ಕೂಡ ಮಾಡಿಸಿದೆ. ಆ ಖರ್ಚು ಉಳಿಸಲು ಹೋಗಬಾರದು.

ರೇಡಿಯೇಟರ್ 407ರದ್ದೇ. ದಿಬ್ಬದಲ್ಲಿ ಗಾಡಿ ನಿಧಾನ ಹೋಗುವಾಗ ಮುಂದಿನಿಂದ ಗಾಳಿ ಬರುವುದಿಲ್ಲ, ಎಲ್ಲಾ ಫ್ಯಾನೇ ಎಳೆಯಬೇಕು. ಹಾಗಾಗಿ ಫ್ಯಾನ್ ಸುತ್ತ ಶ್ರೌಡ್ (ಗಾಳಿ ಪಕ್ಕಕ್ಕೆ ಹೋಗದಂತೆ ತಡೆಯುವ ಕವಚ) ಬೇಕೇ ಬೇಕು. ಡೀಸೆಲ್ ಇಂಜಿನ್ ಬ್ರೇಕ್‌ಗೆ ಬೇಕಾದ ವ್ಯಾಕ್ಯೂಮ್ ತಾನಾಗಿ ಕೊಡುವುದಿಲ್ಲ, ಅದಕ್ಕೆ ಪಂಪ್ ಇರುತ್ತದೆ. ಅದರ ಹೋಸ್ ಹೊಸದು ಹಾಕಿ, ಬ್ರೇಕ್ ಲೈನರ್ ಬದಲಿಸಿದೆ. ಎಳೆಯುವ ಶಕ್ತಿ ಹೆಚ್ಚಿದ ಗಾಡಿಗೆ ಜನ ಲೋಡ್ ಜಾಸ್ತಿ ಹಾಕಿಯೇ ಹಾಕುತ್ತಾರೆ.

ಈಗ ಅದೇ ದಿಬ್ಬವನ್ನು ಕ್ಲಚ್ ತುಳಿದು ಹಿಡಿಯದೆ, ಸೆಕೆಂಡ್ ಗೇರ್‌ನಲ್ಲೇ ಹತ್ತುತ್ತದೆ. ಹಿಂದಿನ ಆಕ್ಸಲ್‌ನ ಹಲ್ಲುಗಾಲಿ ಜೋಡಿ, ಕ್ರೌನ್ ಪಿನಿಯನ್, ಮಾತ್ರ ಹಳೇ ಸಣ್ಣ ಇಂಜಿನ್‌ಗೆ ಮಾಡಿದ್ದೇ. ತುಂಬಿದ ಗಾಡಿಯಲ್ಲಿ ಕ್ಲಚ್ ಒಮ್ಮೆಲೇ ಬಿಟ್ಟರೆ ಅದರ ಹಲ್ಲು ಹೋಗುತ್ತದೆ ಅಂತ ಭಟ್ಟಿಯ ಡ್ರೈವರ್‌ಗಳನ್ನೆಲ್ಲ ಕರೆದು ಹೇಳಿದ್ದೇನೆ.